ಮೂರು ವರ್ಷ ಆರ್ಡುಯಿನೊ ಊನೊ ಬಳಸಿದ ಮೇಲೆ: ಸಂಗೀತದ ಹುಚ್ಚಿರುವ ಎಂಜಿನಿಯರಿಂಗ್ ವಿದ್ಯಾರ್ಥಿನಿಯ ರಿವ್ಯೂ

ಸಂಗೀತಕ್ಕೆ ಬೇಕು ಅಂತ ಆರ್ಡುಯಿನೊ ಊನೊ ತಗೊಳ್ಳಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ತಗೊಂಡಿದ್ದು ಸಂಗೀತಕ್ಕೇ. ಊನೊ ಅಂದರೆ ನಾವು ಬರೆದ ಪ್ರೋಗ್ರಾಂ ಓಡಿಸುವ ಒಂದು ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್.

ಚಿಕ್ಕಂದಿನಿಂದ ಕೀಬೋರ್ಡ್ ನುಡಿಸುತ್ತೇನೆ. ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ, ಈಗ ಕೊನೆಯ ವರ್ಷ. ಬರೆಯುವ ಚಟವೂ ಇದೆ. ಜೊತೆಗೆ ವಾರಕ್ಕೊಂದು ದಿನ ಜೂನಿಯರ್‌ಗಳನ್ನು ಕೂರಿಸಿಕೊಂಡು ಬ್ರೆಡ್‌ಬೋರ್ಡ್ ಮೇಲೆ, ಅಂದರೆ ಬೆಸುಗೆ ಇಲ್ಲದೆ ಸರ್ಕ್ಯೂಟ್ ಜೋಡಿಸುವ ತೂತಿನ ಹಲಗೆ ಮೇಲೆ, ತಂತಿ ಚುಚ್ಚುವುದನ್ನು ಹೇಳಿಕೊಡುತ್ತೇನೆ. ಈ ನಾಲ್ಕೂ ಬೇರೆ ಬೇರೆ, ಒಂದು ಹಿಡಿದರೆ ಇನ್ನೊಂದು ಕೈ ಜಾರುತ್ತೆ ಅಂತ ಎಲ್ಲರೂ ಬೈಯುತ್ತಿದ್ದರು. ನನಗೂ ಹಾಗೇ ಅನ್ನಿಸುತ್ತಿತ್ತು. ಮೊದಲ ವರ್ಷದ ಕೊನೆಯಲ್ಲಿ ಈ ನೀಲಿ ಬೋರ್ಡು ಕೈಗೆ ಬಂತು. ಅದರಲ್ಲಿ ಒಂದು ಸ್ವರ ನುಡಿಸಲು ಹೋಗಿ ನಾಲ್ಕೂ ಒಂದೇ ಮೇಜಿನ ಮೇಲೆ ಬಂದು ಕುಳಿತವು.

ನಾನು ಹೇಳುತ್ತಿರುವುದು ಊನೊ ಆರ್3 ಬಗ್ಗೆ. ಆರ್ಡುಯಿನೊ ಹುಟ್ಟಿದ್ದು 2005ರಲ್ಲಿ, ಇಟಲಿಯ ಇವ್ರೆಯಾ ಊರಿನ ಒಂದು ಡಿಸೈನ್ ಶಾಲೆಯಲ್ಲಿ. ಎಂಜಿನಿಯರ್ ಅಲ್ಲದವರೂ ಬಳಸಲಿ ಅಂತ ಮಾಡಿದ್ದು. ಊನೊ ಬಂದಿದ್ದು 2010ರಲ್ಲಿ. ಇಟಾಲಿಯನ್‌ನಲ್ಲಿ ಊನೊ ಅಂದರೆ ಒಂದು. ಒಳಗಿರುವುದು ಎಟಿಮೆಗಾ 328ಪಿ ಎಂಬ 8 ಬಿಟ್ ಚಿಪ್, ವೇಗ 16 ಮೆಗಾಹರ್ಟ್ಸ್. ಪ್ರೋಗ್ರಾಂ ಇಡಲು 32 ಕೆಬಿ, ಕೆಲಸ ಮಾಡುವಾಗ ನೆನಪಿಟ್ಟುಕೊಳ್ಳಲು 2 ಕೆಬಿ.

2 ಕೆಬಿ. ಸಂಗೀತದವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಸಿಡಿ ಗುಣಮಟ್ಟದ ಒಂದು ಸೆಕೆಂಡ್ ಮೋನೊ ಧ್ವನಿಗೆ 88,200 ಬೈಟ್ ಬೇಕು. ಇದರ ಇಡೀ ನೆನಪನ್ನು ಖಾಲಿ ಮಾಡಿ ತುಂಬಿದರೂ ಹಿಡಿಯುವುದು 23 ಮಿಲಿಸೆಕೆಂಡ್. ಅಷ್ಟರಲ್ಲಿ ಹಾಡುಗಾರ ಬಾಯಿ ಕೂಡ ತೆರೆದಿರುವುದಿಲ್ಲ. ಆದ್ದರಿಂದ ರೆಕಾರ್ಡ್ ಮಾಡಿ ವಾಪಸ್ ನುಡಿಸುತ್ತೇನೆ, ಎಕೋ ಹಾಕುತ್ತೇನೆ ಅನ್ನೋ ಕನಸಿದ್ದರೆ ಬೇರೆ ಬೋರ್ಡ್ ನೋಡಿ. ನಾನು ಆ ಕನಸಿನಲ್ಲೇ ಒಂದು ತಿಂಗಳು ಕಳೆದೆ.

ಇನ್ನು ಸ್ವರ. ಇದಕ್ಕೆ ಟೋನ್ ಅಂತ ಒಂದು ಫಂಕ್ಷನ್ ಇದೆ. ಯಾವ ಪಿನ್ (ಬೋರ್ಡಿನಲ್ಲಿ ತಂತಿ ಸಿಕ್ಕಿಸುವ ಜಾಗ), ಎಷ್ಟು ಹರ್ಟ್ಸ್ ಅಂತ ಹೇಳಿದರೆ ಸಾಕು, ಸ್ಪೀಕರ್‌ನಿಂದ ಸ್ವರ ಬರುತ್ತದೆ. ಮೊದಲ ಸಲ 440 ಅಂತ ಕೊಟ್ಟು ಎ ಸ್ವರ ಕೇಳಿದಾಗ ಕುಣಿದಾಡಿದ್ದೆ. ಆಮೇಲೆ ಒಂದೊಂದಾಗಿ ಕೊರತೆಗಳು ಹೊರಬಂದವು. ಬರುವುದು ಸ್ಕ್ವೇರ್ ವೇವ್, ಅಂದರೆ ಪಿನ್ ಪೂರ್ತಿ ಆನ್, ಪೂರ್ತಿ ಆಫ್, ನಡುವೆ ಏನೂ ಇಲ್ಲ. ಬೆಸ ಸಂಖ್ಯೆಯ ಹಾರ್ಮೋನಿಕ್‌ಗಳು ಮಾತ್ರ ಇರುವ ಆ ಒರಟು ದನಿ ಹಳೇ ವಿಡಿಯೋ ಗೇಮ್‌ನದು. ವಾಲ್ಯೂಮ್ ಅನ್ನೋದೇ ಇಲ್ಲ. ಮೆಲ್ಲಗೆ ಶುರುಮಾಡಿ ಜೋರಾಗುವುದು ಅಂತ ಸಂಗೀತದಲ್ಲಿ ಏನೇನು ಕಲಿತಿರುತ್ತೀರೋ ಅದಕ್ಕೆಲ್ಲ ಇಲ್ಲಿ ಜಾಗವಿಲ್ಲ. ಒಂದು ಸಲಕ್ಕೆ ಒಂದೇ ಸ್ವರ, ಹಾಗಾಗಿ ಹಲವು ಸ್ವರ ಒಟ್ಟಿಗೆ ನುಡಿಯುವ ಕಾರ್ಡ್ ಬೇಕೆಂದರೆ ನೀವೇ ಕೋಡ್ ಬರೆದುಕೊಳ್ಳಬೇಕು. ಕೆಳಮಿತಿ 31 ಹರ್ಟ್ಸ್, ಪಿಯಾನೊದ ತೀರಾ ಎಡಗಡೆಯ ಕೀ 27.5. ಅಲ್ಲಿಗೆ ಅದೂ ಹೋಯಿತು.

ಇವೆಲ್ಲ ಸಹಿಸಿಕೊಳ್ಳಬಹುದು ಬಿಡಿ. ನನ್ನ ತಲೆ ಕೆಡಿಸಿದ್ದು ಶ್ರುತಿ. ಎ ಸರಿಯಾಗಿ ಬರುತ್ತಿತ್ತು, ಕೀಬೋರ್ಡ್ ಜೊತೆ ಹೊಂದುತ್ತಿತ್ತು. ಮಧ್ಯದ ಸಿ ಮಾತ್ರ ಸ್ವಲ್ಪ ಏರಿದ ಹಾಗೆ. ಒಮ್ಮೆ ನನ್ನ ಕಿವಿಯದೇ ತಪ್ಪು ಅಂದುಕೊಂಡೆ, ಇನ್ನೊಮ್ಮೆ ಸ್ಪೀಕರ್‌ನದು ಅಂದುಕೊಂಡೆ. ಎರಡೂ ಅಲ್ಲ. ಸಿ ಇರಬೇಕಾದದ್ದು 261.63 ಹರ್ಟ್ಸ್. ಟೋನ್‌ಗೆ ದಶಮಾಂಶ ಕೊಡಲು ಬರುವುದಿಲ್ಲ, ಹಾಗಾಗಿ 262. ಆ 262 ಕೂಡ ಹಾಗೇ ಬರುವುದಿಲ್ಲ, ಯಾಕೆಂದರೆ ಒಳಗೆ ಎಣಿಸುವ ಟೈಮರ್ 8 ಬಿಟ್‌ನದು, 256 ಹೆಜ್ಜೆ ಅಷ್ಟೇ. 16 ಮೆಗಾಹರ್ಟ್ಸ್ ಅನ್ನು ಭಾಗಿಸಿ ಭಾಗಿಸಿ ಆ 256ರೊಳಗೆ ತೂರಿಸಬೇಕು. ಲೆಕ್ಕ ಮಾಡಿದರೆ 238 ಚಿಲ್ಲರೆ ಬರುತ್ತದೆ, ಚಿಲ್ಲರೆಯನ್ನು ಕತ್ತರಿಸಿ 238 ಅಂತ ಹಿಡಿಯುತ್ತದೆ, ಹೊರಗೆ ಬರುವುದು 262.6 ಹರ್ಟ್ಸ್. ಅಂದರೆ ಆರು ಸೆಂಟ್‌ಗಿಂತ ಸ್ವಲ್ಪ ಜಾಸ್ತಿ ಏರಿಕೆ. ಅರ್ಧ ಸ್ವರಕ್ಕೆ 100 ಸೆಂಟ್. ಆರು ಅಂದರೆ ಒಬ್ಬರೇ ನುಡಿಸುವಾಗ ಗೊತ್ತಾಗಲ್ಲ, ಪಕ್ಕದಲ್ಲಿ ಇನ್ನೊಂದು ವಾದ್ಯ ಇದ್ದರೆ ಕಿವಿ ಹಿಂಡುತ್ತದೆ. 440ಕ್ಕೆ ಅದೇ ಲೆಕ್ಕ ಹಾಕಿದರೆ ಸರಿಯಾಗಿ 142ರ ಹತ್ತಿರ ಬಂದು ನಿಲ್ಲುತ್ತದೆ, ಸಿಗುವುದು 440.14. ಎ ಚೆನ್ನಾಗಿ ಬರುವುದು ಬರೀ ಅದೃಷ್ಟ! ಚಿಲ್ಲರೆಯನ್ನು ಯಾವಾಗಲೂ ಕತ್ತರಿಸುವುದರಿಂದ ಬರುವ ಸ್ವರ ನಾವು ಕೇಳಿದ್ದಕ್ಕಿಂತ ಮೇಲೇ ಇರುತ್ತದೆ, ಕೆಳಗೆ ಇಳಿಯುವುದೇ ಇಲ್ಲ. ಭಯಕ್ಕೆ ಶ್ರುತಿ ಏರಿಸಿ ಹಾಡುವ ಮಕ್ಕಳ ಹಾಗೆ.

ಇದನ್ನು ಕೊರತೆ ಅಂತ ಬರೆಯಬೇಕೋ ಗುಣ ಅಂತ ಬರೆಯಬೇಕೋ ನನಗೆ ಈಗಲೂ ಗೊಂದಲ. ಟೈಮರ್, ಅದಕ್ಕೆ ಹೋಗುವ ವೇಗವನ್ನು ಭಾಗಿಸುವ ಪ್ರಿಸ್ಕೇಲರ್ ಅಂತ ಕ್ಲಾಸಿನಲ್ಲಿ ಎರಡು ಸಲ ಕೇಳಿದ್ದೆ, ಪರೀಕ್ಷೆಗೆ ಬರೆದೂ ಇದ್ದೆ, ಒಂದಕ್ಷರ ಉಳಿದಿರಲಿಲ್ಲ. ಕಿವಿಗೆ ಕಿರಿಕಿರಿ ಆಯಿತು ನೋಡಿ, ಆವತ್ತು ರಾತ್ರಿ ಟೋನ್ ಫಂಕ್ಷನ್‌ನ ಒಳಗಿನ ಕೋಡ್ ತೆರೆದು ಓದಿದೆ. ಅದು ತೆರೆದೇ ಇದೆ, ಯಾರು ಬೇಕಾದರೂ ಓದಬಹುದು. ಆಮೇಲೆ 16 ಬಿಟ್ ಇರುವ ಇನ್ನೊಂದು ಟೈಮರ್ ಹಿಡಿದು ನನ್ನದೇ ಫಂಕ್ಷನ್ ಬರೆದುಕೊಂಡೆ. ಅದರಲ್ಲಿ ಸಿ, ಎ ಎರಡೂ ಒಂದಕ್ಕೊಂದು ಸರಿಯಾಗಿ ಕೂರುತ್ತವೆ. ಆದರೂ ಬೋರ್ಡಿನ ಗಡಿಯಾರವೇ ಸೆರಾಮಿಕ್ ರೆಸೊನೇಟರ್, ಕ್ರಿಸ್ಟಲ್ ಅಲ್ಲ, ಶೇಕಡಾ 0.5ರವರೆಗೆ ಆಚೀಚೆ ಆಗಬಹುದು. ಇಡೀ ವಾದ್ಯವೇ ಎಂಟು ಸೆಂಟ್ ಆಚೀಚೆ ಇದ್ದರೂ ಇರಬಹುದು ಅಂತ ಅರ್ಥ. ಅದನ್ನು ಕೋಡ್‌ನಲ್ಲಿ ಒಂದು ಗುಣಕ ಹಾಕಿ ಸರಿಮಾಡಿಕೊಂಡೆ, ಬಿಸಿಯಾದರೆ ಮತ್ತೆ ಸ್ವಲ್ಪ ಜರುಗುತ್ತದೆ.

ಈಗ ಪಾಠ ಹೇಳುವ ವಿಷಯಕ್ಕೆ ಬರುತ್ತೇನೆ. ಈ ಬೋರ್ಡಿಗೆ ನಾನು ಜಾಸ್ತಿ ಅಂಕ ಕೊಡುವುದು ಇಲ್ಲೇ.

ಒಬ್ಬ ಜೂನಿಯರ್ ಹುಡುಗಿ ತಾಳ ಬಡಿಯುವ ಮೆಟ್ರೊನೋಮ್ ಮಾಡಲು ಕುಳಿತಿದ್ದಳು. ನಿಮಿಷಕ್ಕೆ 120 ಬಡಿತ. ಸರಳವಾದ ಲೆಕ್ಕ: 60 ಗುಣಿಸು 1000, ಭಾಗಿಸು 120, ಬಂದ 500 ಮಿಲಿಸೆಕೆಂಡ್ ಕಾಯಿ, ಮತ್ತೆ ಬಡಿ. ಅಪ್ಲೋಡ್ ಮಾಡಿದಳು. ಟಕ್ ಅಂತ ಒಂದು ಸಲ ಬಂತು. ಆಮೇಲೆ ನಿಶ್ಶಬ್ದ. ರೀಸೆಟ್ ಒತ್ತಿದರೆ ಮತ್ತೊಂದು ಟಕ್, ಮತ್ತೆ ನಿಶ್ಶಬ್ದ. ತಂತಿ ಬದಲಾಯಿಸಿದಳು, ಸ್ಪೀಕರ್ ಬದಲಾಯಿಸಿದಳು, ಕೊನೆಗೆ "ಅಕ್ಕಾ, ಬೋರ್ಡ್ ಕೆಟ್ಟಿದೆ ಅನ್ಸುತ್ತೆ" ಅಂದಳು. ನನಗೂ ತಕ್ಷಣ ಹೊಳೆಯಲಿಲ್ಲ, ಹೊಳೆದವಳ ಹಾಗೆ ಮುಖ ಮಾಡಿಕೊಂಡು ಕುಳಿತೆ. ಕಾಯುವ ಸಮಯ ಎಷ್ಟು ಅಂತ, ಬೋರ್ಡ್ ಕಳಿಸಿದ್ದನ್ನು ಕಂಪ್ಯೂಟರಿನಲ್ಲಿ ತೋರಿಸುವ ಸೀರಿಯಲ್ ಮಾನಿಟರ್‌ನಲ್ಲಿ ಪ್ರಿಂಟ್ ಮಾಡಿಸಿ ನೋಡು ಅಂದೆ. ಬಂದಿದ್ದು ಮೈನಸ್ 46.

ಮೈನಸ್ 46 ಮಿಲಿಸೆಕೆಂಡ್ ಕಾಯುವುದು ಹೇಗೆ?

ಊನೊ ಆರ್3ನಲ್ಲಿ ಇಂಟ್, ಅಂದರೆ ಕೋಡ್‌ನಲ್ಲಿ ಪೂರ್ಣಾಂಕ ಇಡುವ ಜಾಗ, 16 ಬಿಟ್‌ನದು, ಅದರಲ್ಲಿ ಹಿಡಿಯುವ ದೊಡ್ಡ ಸಂಖ್ಯೆ 32,767. 60 ಗುಣಿಸು 1000 ಅಂದರೆ 60,000. ಅದು ಹಿಡಿಸಲಾರದೆ ಉಕ್ಕಿ ಹರಿದು ಮೈನಸ್ 5,536 ಆಯಿತು. ಅದನ್ನು 120ರಿಂದ ಭಾಗಿಸಿದರೆ ಮೈನಸ್ 46. ಕಥೆ ಇಲ್ಲಿಗೇ ಮುಗಿಯಲ್ಲ. ಡಿಲೇ ಫಂಕ್ಷನ್‌ಗೆ ಮೈನಸ್ ಅನ್ನುವುದೇ ಗೊತ್ತಿಲ್ಲ, ಅದು ಮೈನಸ್ 46 ಅನ್ನು 4,294,967,250 ಅಂತ ಓದಿಕೊಂಡಿತು. ಆ ಲೆಕ್ಕದಲ್ಲಿ ಎರಡನೇ ಟಕ್ ಬರಲು 49 ದಿನ ಚಿಲ್ಲರೆ ಬೇಕು. ಬೋರ್ಡ್ ಕೆಟ್ಟಿರಲಿಲ್ಲ. ಹೇಳಿದ ಹಾಗೆ ಪಾಪ ಕಾಯುತ್ತಾ ಕುಳಿತಿತ್ತು.

ಅವಳು ನಕ್ಕಿದ್ದು ನೋಡಬೇಕಿತ್ತು. "ಅಂದ್ರೆ ಸೆಮಿಸ್ಟರ್ ಎಕ್ಸಾಮ್ ಮುಗಿದ ಮೇಲೆ ಬಂದು ನೋಡಿದ್ರೆ ಇನ್ನೊಂದು ಬಡೀತಿತ್ತಾ?" ಓವರ್‌ಫ್ಲೋ ಅಂದರೆ ಏನು ಅಂತ ಅವಳಿಗೆ ಜೀವನದಲ್ಲಿ ಇನ್ನೊಮ್ಮೆ ಹೇಳಿಕೊಡಬೇಕಾಗಿಲ್ಲ. 1000ದ ಕೊನೆಗೆ, ಇದನ್ನು 32 ಬಿಟ್‌ನಲ್ಲಿ ಲೆಕ್ಕ ಹಾಕು ಅನ್ನುವ ಒಂದು ಎಲ್ ಅಕ್ಷರ ಸೇರಿಸಿದಳು, ಟಕ್ ಟಕ್ ಟಕ್ ಅಂತ ಶುರುವಾಯಿತು. ಒಂದು ದೂರು ಇಲ್ಲಿ ಹೇಳಲೇಬೇಕು. ಈ ತಪ್ಪನ್ನು, ಕೋಡನ್ನು ಚಿಪ್‌ನ ಭಾಷೆಗೆ ತಿರುಗಿಸುವ ಕಂಪೈಲರ್ ಮೊದಲೇ ಹಿಡಿದು ಎಚ್ಚರಿಸಬಲ್ಲದು, ಆದರೆ ನಾವು ಕೋಡ್ ಬರೆಯುವ ಸಾಫ್ಟ್‌ವೇರ್ ಆದ ಆರ್ಡುಯಿನೊ ಐಡಿಇ ಆ ಎಚ್ಚರಿಕೆಗಳನ್ನು ಮುಚ್ಚಿಟ್ಟುಕೊಂಡೇ ಬರುತ್ತದೆ. ಪ್ರಿಫರೆನ್ಸಸ್‌ಗೆ ಹೋಗಿ ಕಂಪೈಲರ್ ವಾರ್ನಿಂಗ್ಸ್ ಅನ್ನುವುದನ್ನು ನಾವೇ ಬದಲಾಯಿಸಬೇಕು. ಹೊಸಬರು ಹೆದರಬಾರದು ಅಂತ ಮಾಡಿರಬಹುದು. ಹೊಸಬರಿಗೇ ಅಲ್ವಾ ಎಚ್ಚರಿಕೆ ಬೇಕಿರುವುದು?

ಇಂಥದ್ದೇ ಇನ್ನೊಂದು. ಐಡಿಇ ಜೊತೆ ಬರುವ ಉದಾಹರಣೆಗಳಲ್ಲಿ ಒಂದು ಸಣ್ಣ ಟ್ಯೂನ್ ನುಡಿಸುವ ಪ್ರೋಗ್ರಾಂ ಇದೆ. ಹೊಸಬರೆಲ್ಲ ಅದರಿಂದಲೇ ಶುರುಮಾಡುತ್ತಾರೆ. ಅದರಲ್ಲಿ ಸ್ವರದ ಅವಧಿಯನ್ನು 1.30ರಿಂದ ಗುಣಿಸಿ ಅಷ್ಟು ಹೊತ್ತು ಕಾಯುವ ಒಂದು ಸಾಲಿದೆ. ಎರಡು ಸ್ವರಗಳು ಅಂಟಿಕೊಳ್ಳಬಾರದು, ನಡುವೆ ಉಸಿರು ಬೇಕು ಅಂತ. ಸರಿಯೇ. ಆದರೆ ಒಂದು ಕ್ವಾರ್ಟರ್ ನೋಟ್‌ನ ಅವಧಿ 250 ಮಿಲಿಸೆಕೆಂಡ್ ಅಂದುಕೊಂಡು ನೀವು ತಾಳ ಹಾಕಿದರೆ ಬೋರ್ಡ್ ನಿಜವಾಗಿ ತಗೊಳ್ಳುವುದು 325. ನಿಮಿಷಕ್ಕೆ 240 ಬಡಿತ ಅಂದುಕೊಂಡಿದ್ದು 185ರ ಹತ್ತಿರ ಬಂದು ನಿಲ್ಲುತ್ತದೆ. ಸಂಗೀತ ಗೊತ್ತಿರುವ ಜೂನಿಯರ್‌ಗಳು ಮೊದಲ ದಿನವೇ ಇದನ್ನು ಹಿಡಿಯುತ್ತಾರೆ, ಕೋಡ್ ಗೊತ್ತಿರುವವರು ಹಿಡಿಯಲ್ಲ. ಇದು ನನಗೆ ತುಂಬಾ ಇಷ್ಟ. ಕೋಡ್ ನೋಡಿದರೆ ನಡುಗುವ, ಆದರೆ ಹತ್ತು ವರ್ಷ ಪಿಟೀಲು ಕಲಿತ ಒಬ್ಬ ಹುಡುಗ "ಇದು ಎಳೀತಿದೆ ಅಕ್ಕ, ಉಸಿರು ಬೇಕಾದ್ರೆ ಸ್ವರವನ್ನೇ ಚಿಕ್ಕದು ಮಾಡಬೇಕು, ತಾಳ ಉದ್ದ ಮಾಡಬಾರದು" ಅಂದ. ಅವನು ಹೇಳಿದ ಹಾಗೆ ಸ್ವರದ ಅವಧಿಯನ್ನು 0.8ರಿಂದ ಗುಣಿಸಿ, ಕಾಯುವುದನ್ನು ಪೂರ್ತಿ ಅವಧಿಗೇ ಬಿಟ್ಟೆವು. ಸರಿಹೋಯಿತು. ಆವತ್ತು ಅವನು ಕಲಿಸಿದ, ನಾನು ಕಲಿತೆ. ಆಮೇಲಿಂದ ಅವನಿಗೆ ಕೋಡ್ ಅಂದರೆ ಹೆದರಿಕೆ ಇಲ್ಲ.

ಬರವಣಿಗೆ ಎಲ್ಲಿ ಬಂತು ಅಂತ ಕೇಳಬಹುದು. ಜೂನಿಯರ್‌ಗಳಿಗೆ ಅಂತ ನೋಟ್ಸ್ ಬರೆಯಲು ಶುರುಮಾಡಿದ್ದೆ. ಮೊದಲ ನೋಟ್ಸ್ ಓದಿದರೆ ಈಗ ನಾಚಿಕೆ ಆಗುತ್ತದೆ, ಚಿಪ್‌ನ ವಿವರಗಳಿರುವ ಡೇಟಾಶೀಟ್ ನುಂಗಿ ಕಕ್ಕಿದ ಹಾಗಿತ್ತು. "ಪಿನ್ 3 ಮತ್ತು 11ರಲ್ಲಿ ಪಿಡಬ್ಲ್ಯುಎಂ ಲಭ್ಯವಿರುವುದಿಲ್ಲ" ಅಂತ ಒಂದು ಸಾಲು ಬರೆದಿದ್ದೆ. ಪಿಡಬ್ಲ್ಯುಎಂ ಅಂದರೆ ಪಿನ್ ಅನ್ನು ಬೇಗ ಬೇಗ ಆನ್ ಆಫ್ ಮಾಡಿ ಬೆಳಕು ಹೆಚ್ಚುಕಡಿಮೆ ಮಾಡುವುದು ಅಂತಲೂ ಇಲ್ಲ, ಯಾವಾಗ ಇರುವುದಿಲ್ಲ, ಯಾಕೆ ಇರುವುದಿಲ್ಲ, ಒಂದೂ ಇಲ್ಲ. ಅದನ್ನು ಓದಿದ ಪುಣ್ಯಾತ್ಮ ಆ ಎರಡು ಪಿನ್‌ಗಳನ್ನು ಮುಟ್ಟಲೇಬಾರದು ಅಂತ ತಿಳಿದು ಇಡೀ ಪ್ರಾಜೆಕ್ಟ್‌ನ ತಂತಿಗಳನ್ನು ಬಿಚ್ಚಿ ಬೇರೆ ಕಡೆ ಹಾಕಿದ್ದ. ಈಗ ಅದೇ ಸಾಲು ಹೀಗಿದೆ: "ಸ್ವರ ನುಡಿಯುತ್ತಿರುವಾಗ 3 ಮತ್ತು 11ಕ್ಕೆ ಹಾಕಿದ ಎಲ್ಇಡಿಯ ಬೆಳಕನ್ನು ಹೆಚ್ಚುಕಡಿಮೆ ಮಾಡಲು ಆಗಲ್ಲ, ಯಾಕೆಂದರೆ ಸ್ವರಕ್ಕೂ ಆ ಎರಡು ಪಿನ್‌ಗೂ ಒಂದೇ ಟೈಮರ್." ಪ್ರತಿ ವಾರ ಒಬ್ಬರಾದರೂ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತಾರೆ, ನಾನು ಆ ಸಾಲನ್ನು ತಿದ್ದುತ್ತೇನೆ. ಕಥೆ ಬರೆಯುವಾಗ ಓದುಗ ಎಲ್ಲಿ ಎಡವಿದ ಅಂತ ನನಗೆ ಯಾರೂ ಹೇಳಿಲ್ಲ. ಇಲ್ಲಿ ಸ್ಪೀಕರ್ ಸುಮ್ಮನಾದರೆ ಸಾಕು, ನನ್ನ ವಾಕ್ಯ ಸೋತಿದೆ ಅಂತ ಗೊತ್ತಾಗುತ್ತದೆ.

ಬೋರ್ಡಿನ ಒಳಗೇ ಅಕ್ಷರ ಜಾಸ್ತಿ ಇಟ್ಟರೆ ಮಾತ್ರ ಕಷ್ಟ. ನನ್ನ ಹಾಗೆ ಉದ್ದುದ್ದ ಸಂದೇಶ ಪ್ರಿಂಟ್ ಮಾಡಿಸುವ ಅಭ್ಯಾಸ ಇದ್ದರೆ ಆ 2 ಕೆಬಿ ಎರಡು ಪುಟಕ್ಕೂ ಸಾಲದೆ ಮುಗಿಯುತ್ತದೆ, ಪ್ರೋಗ್ರಾಂ ವಿಚಿತ್ರವಾಗಿ ಕುಣಿಯುತ್ತದೆ. ಎಫ್ ಅಂತ ಒಂದು ಮ್ಯಾಕ್ರೊ ಇದೆ, ಅದರೊಳಗೆ ಹಾಕಿದರೆ ಅಕ್ಷರಗಳು 32 ಕೆಬಿ ಕಡೆಗೇ ಉಳಿಯುತ್ತವೆ. ಇದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.

ಕೇಳಿಸಿಕೊಳ್ಳುವ ಕೆಲಸದಲ್ಲಿ ಊನೊ ಪರವಾಗಿಲ್ಲ. ಅನಲಾಗ್ ಪಿನ್ ಒಂದು ಸಲ ಓದಲು ಸುಮಾರು 100 ಮೈಕ್ರೊಸೆಕೆಂಡ್, ಸೆಕೆಂಡಿಗೆ ಹತ್ತು ಸಾವಿರದ ಹತ್ತಿರ. ಅಂದರೆ ಐದು ಸಾವಿರ ಹರ್ಟ್ಸ್‌ಗಿಂತ ಮೇಲಿನ ಧ್ವನಿ ಇದಕ್ಕೆ ಸರಿಯಾಗಿ ತಿಳಿಯುವುದಿಲ್ಲ. ಟ್ಯೂನರ್ ಮಾಡಲು ಅಷ್ಟು ಸಾಕು. ಬಡಿದರೆ ವೋಲ್ಟೇಜ್ ಕೊಡುವ ಪೀಜೊ ಬಿಲ್ಲೆಯನ್ನು ರಟ್ಟಿಗೆ ಅಂಟಿಸಿ, ಅಡ್ಡಕ್ಕೆ ಒಂದು ಮೆಗಾಓಮ್ ರೆಸಿಸ್ಟರ್ ಹಾಕಿ ಮಾಡಿದ ಡ್ರಮ್ ಪ್ಯಾಡ್ ಅಂತೂ ನಮ್ಮ ಗುಂಪಿನ ಹಿಟ್. ಎಷ್ಟು ಜೋರಾಗಿ ಬಡಿದಿರಿ ಅನ್ನುವುದು 0ರಿಂದ 1023ರ ನಡುವಿನ ಸಂಖ್ಯೆಯಾಗಿ ಬರುತ್ತದೆ.

ಅದನ್ನು ಮಿಡಿ ಮೂಲಕ ಹೊರಗೆ ಕಳಿಸಿದಾಗ ಮಾತ್ರ ಊನೊ ನಿಜವಾದ ವಾದ್ಯದ ಹಾಗೆ ವರ್ತಿಸಿತು. ಮಿಡಿ ಅಂದರೆ ಎಲೆಕ್ಟ್ರಾನಿಕ್ ವಾದ್ಯಗಳು ಒಂದಕ್ಕೊಂದು ಮಾತಾಡುವ ಭಾಷೆ. ಅದು 1983ರದು, ವೇಗ ಸೆಕೆಂಡಿಗೆ 31,250 ಬಿಟ್, ಒಂದು ಸ್ವರಕ್ಕೆ ಮೂರು ಬೈಟ್, ಅಂದರೆ ಒಂದು ಮಿಲಿಸೆಕೆಂಡ್ ಒಳಗೆ ಮುಗಿಯುತ್ತದೆ. ಯಾವ ಸ್ವರ, ಎಷ್ಟು ಜೋರು, ಅಷ್ಟೇ ಊನೊ ಹೇಳುತ್ತದೆ. ನುಡಿಸುವ ಕೆಲಸ ನನ್ನ ಕೀಬೋರ್ಡಿನದು. ಒರಟು ದನಿ, ವಾಲ್ಯೂಮ್ ಇಲ್ಲದಿರುವುದು, ಆರು ಸೆಂಟ್ ಏರಿಕೆ, ಎಲ್ಲ ತಲೆನೋವೂ ಒಟ್ಟಿಗೆ ಹೋಯಿತು. ಮೂರು ವರ್ಷದಲ್ಲಿ ಇದರಿಂದ ವೇದಿಕೆ ಹತ್ತಿದ್ದು ಇದೊಂದೇ. ಯುಎಸ್‌ಬಿ ತಂತಿಯಲ್ಲೇ ಮಿಡಿ ಬೇಕೆಂದರೆ ಊನೊ ಆರ್3 ನೇರವಾಗಿ ಮಾಡಲ್ಲ, ಲಿಯೊನಾರ್ಡೊ ಬೋರ್ಡ್ ಮಾಡುತ್ತದೆ. ಮೊದಲೇ ಗೊತ್ತಿದ್ದಿದ್ದರೆ ಅದನ್ನೇ ತಗೊಳ್ಳುತ್ತಿದ್ದೆನೋ ಏನೋ.

ಬಾಳಿಕೆ ಬಗ್ಗೆ ಒಂದು ಮಾತು. ನನ್ನ ಬೋರ್ಡಿನ 8ನೇ ಪಿನ್ ಸತ್ತಿದೆ, ಕೊಂದಿದ್ದು ನಾನೇ. 8 ಓಮ್ ಸ್ಪೀಕರನ್ನು ನಡುವೆ ರೆಸಿಸ್ಟರ್ ಇಲ್ಲದೆ ನೇರವಾಗಿ ಸಿಕ್ಕಿಸಿದ್ದೆ. 5 ವೋಲ್ಟ್‌ಗೆ 8 ಓಮ್ ಅಂದರೆ ಅದು ಕೇಳುವುದು 625 ಮಿಲಿಆಂಪ್, ಪಿನ್ ಆರಾಮಾಗಿ ಕೊಡಬಲ್ಲದ್ದು 20. ದನಿ ಮಾತ್ರ ಬಹಳ ಚೆನ್ನಾಗಿ ಬಂತು, ಎರಡು ದಿನ. ಉಳಿದ ಪಿನ್‌ಗಳು ಈಗಲೂ ಕೆಲಸ ಮಾಡುತ್ತವೆ. ಬೇಕೆಂದರೆ ಚಿಪ್ ಒಂದನ್ನೇ ಸಾಕೆಟ್‌ನಿಂದ ಎತ್ತಿ ಹೊಸದು ಕೂರಿಸಬಹುದು, ಯುಎಸ್‌ಬಿಯಿಂದ ಬಂದ ಪ್ರೋಗ್ರಾಂ ಒಳಗಿಡುವ ಬೂಟ್‌ಲೋಡರ್ ಮೊದಲೇ ಇರುವುದು ತಗೊಳ್ಳಬೇಕು ಅಷ್ಟೇ. ಚಿಪ್ಪನ್ನು ಬೋರ್ಡಿಗೇ ಬೆಸೆದಿರುವ ಮಾದರಿಯೂ ಸಿಗುತ್ತದೆ, ಕಲಿಯುವವರು ಅದನ್ನು ತಗೊಳ್ಳಬೇಡಿ. ನಾನು ಚಿಪ್ ಬದಲಾಯಿಸಿಲ್ಲ. ಹೊಸಬರು ಬಂದಾಗ ಆ ಸತ್ತ ಪಿನ್ ತೋರಿಸಿ, 330 ಓಮ್ ರೆಸಿಸ್ಟರ್ ಕೈಗೆ ಕೊಡುತ್ತೇನೆ.

ಹೆಸರಿಲ್ಲದ ನಕಲು ಬೋರ್ಡ್‌ಗಳೂ ಇವೆ. ವಿನ್ಯಾಸವೇ ತೆರೆದಿರುವುದರಿಂದ ಅದರಲ್ಲಿ ತಪ್ಪೇನಿಲ್ಲ, ಆದರೆ ಯುಎಸ್‌ಬಿ ಚಿಪ್ ಬೇರೆ ಇರುತ್ತದೆ, ಡ್ರೈವರ್ ಹುಡುಕುವುದರಲ್ಲೇ ಜೂನಿಯರ್‌ಗಳ ಮೊದಲ ದಿನ ಮುಗಿದುಹೋಗಿದ್ದನ್ನು ಎರಡು ಸಲ ನೋಡಿದ್ದೇನೆ.

2023ರಲ್ಲಿ ಊನೊ ಆರ್4 ಬಂತು. ಕಾಗದದ ಮೇಲೆ ಹೋಲಿಸಿದರೆ ಆರ್3 ಪಾಪ ಅನ್ನಿಸುತ್ತದೆ. 32 ಬಿಟ್, 48 ಮೆಗಾಹರ್ಟ್ಸ್, ನೆನಪು 32 ಕೆಬಿ, ಎಲ್ಲಕ್ಕಿಂತ ಮುಖ್ಯವಾಗಿ ಸಂಖ್ಯೆಯನ್ನು ವೋಲ್ಟೇಜ್ ಮಾಡಿ ಕೊಡುವ 12 ಬಿಟ್‌ನ ಡಿಎಸಿ. ಅಂದರೆ ಆನ್, ಆಫ್ ನಡುವೆ 4,096 ಮೆಟ್ಟಿಲು ಇವೆ, ನುಣುಪಾದ ಸೈನ್ ವೇವ್ ತೆಗೆಯಬಹುದು, ಮೆಲ್ಲಗೆ ಜೋರಾಗಬಹುದು. ಗೆಳತಿಯದ್ದು ಒಂದು ವಾರ ತಂದಿಟ್ಟುಕೊಂಡಿದ್ದೆ, ವಾಪಸ್ ಕೊಡಲು ಮನಸ್ಸಿರಲಿಲ್ಲ. ಒಂದೇ ಎಚ್ಚರಿಕೆ: ಅದರ ಪಿನ್ ಕೊಡುವುದು 8 ಮಿಲಿಆಂಪ್ ಮಾತ್ರ. ಆರ್3 ಕಾಲದ ಅಭ್ಯಾಸದಲ್ಲಿ ಎಲ್ಇಡಿಗೆ 220 ಓಮ್ ಹಾಕಿದರೆ ಮಿತಿ ದಾಟುತ್ತದೆ, ಒಂದು ಕಿಲೋಓಮ್ ಹಾಕಿ.

ಒಂದು ತಮಾಷೆ ಗೊತ್ತಾ, ಆರ್4ನಲ್ಲಿ ಇಂಟ್ 32 ಬಿಟ್. ಆ ಹುಡುಗಿಯ ಮೆಟ್ರೊನೋಮ್ ಕೋಡನ್ನು ಒಂದಕ್ಷರ ಬದಲಾಯಿಸದೆ ಅದಕ್ಕೆ ಹಾಕಿದೆ. ಮೊದಲ ಸಲಕ್ಕೇ ಟಕ್ ಟಕ್ ಟಕ್ ಅಂತ ಬಡಿಯಿತು.

ಹಾಗಾಗಿ ಕೇಳಿದವರಿಗೆ ನಾನು ಹೇಳುವುದು ಇಷ್ಟು. ಸಂಗೀತದ ಪ್ರಾಜೆಕ್ಟ್ ಮುಗಿಸಬೇಕು, ಡೆಮೊ ದಿನ ಹತ್ತಿರ ಇದೆ ಅಂದರೆ ಆರ್4 ತಗೊಳ್ಳಿ. ಕಲಿಯಲು ಸಮಯ ಇದೆ, ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು ಕಲಿಸುವ ಮನಸ್ಸೂ ಇದೆ ಅಂದರೆ ಆರ್3. ನಮ್ಮ ಗುಂಪಿಗೆ ಈ ಸೆಮಿಸ್ಟರ್ ಇನ್ನೆರಡು ಬೋರ್ಡ್ ಬೇಕಿತ್ತು. ಎರಡೂ ಆರ್3 ತರಿಸಿದೆ, ಜೊತೆಗೆ ಒಂದು ಹಿಡಿ 330 ಓಮ್ ರೆಸಿಸ್ಟರ್.